ಗೋಡೆಯ ಮೇಲಿನ ಹಾಡು

ಶಕ್ತಿನಗರದಲ್ಲಿ ಹಾರುಬೂದಿ ಕೂತ ಗೋಡೆಗೆ
ಮೂತಿ ಮಾಡಿ ನಿಂತಿದೆ ನನ್ನ ಹಳೇ ಓಮ್ನಿ.
ಹಿಂದುಗಡೆ ಹೊಸ ವೂಫರು.
ಬ್ಯಾಟರಿ, ಆಲ್ಟರ್ನೇಟರು ಮಾತ್ರ
ಕಂಪನಿಯಿಂದ ಬಂದವೇ.
ಧಿಮ್ ಅಂದಾಗೊಮ್ಮೆ
ಹೆಡ್‌ಲೈಟು ಕಣ್ಣು ಕಿರಿದು ಮಾಡುತ್ತದೆ.

ಹುಸೇನಪ್ಪನಿಗೆ ಕಿವಿ ಕೇಳೋದಿಲ್ಲ.
ಗೋಡೆ ನೋಡುತ್ತ ತೊಡೆ ತಟ್ಟುತ್ತಾನೆ,
ಒಂದು ಪೆಟ್ಟೂ ತಪ್ಪದೆ.

ದೀಪ ಅಲುಗಬಾರದು, ಸನ್ನೆ ಮಾಡಿದೆ.
ನನ್ನನ್ನೇ ಒಂದು ಗಳಿಗೆ ನೋಡಿದ.
ಬೆರಳು ದಪ್ಪದ ಅರ್ಥಿಂಗ್ ವೈರು ಎಳೆದ,
ನಟ್ಟಿನ ತುಕ್ಕು ಉಜ್ಜಿದ,
ಗುಜರಿಯಿಂದ ತಂದ ದೊಡ್ಡ ಆಲ್ಟರ್ನೇಟರು ಕೂರಿಸಿ
ಬೆಲ್ಟು ಬಿಗಿದ.

ಈಗ ಬೆಳಕು ಕದಲದು.
ವೂಫರು ಗುದ್ದುತ್ತಲೇ ಇದೆ,
ಅವನ ಕೈ ತೊಡೆಯ ಮೇಲೆ ಸುಮ್ಮನೆ.

ದುಡ್ಡು ಕೊಟ್ಟೆ. ಎಣಿಸದೆ ಜೇಬಿಗಿಳಿಸಿದ.
ಆಮೇಲೆ, ಹಾಡು ಮುಗೀತಾ ಅನ್ನುವಂತೆ,
ಗೋಡೆಯತ್ತ ಗದ್ದ ಎತ್ತಿದ.