ಹದಿನೇಳನೆಯ ಕೆನೆಬಣ್ಣ

ಲಾ ಷೋ ದ ಫೋಂ ಊರಿನಲ್ಲಿ ಕಿಟಕಿಗಳೆಲ್ಲ ತೆಂಕಣಕ್ಕೆ.
ಇಲ್ಲಿ ಬೆಳಕೇ ಮೊದಲ ಉಪಕರಣ,
ಚಿಮಟ ಆಮೇಲೆ.
ಏಪ್ರಿಲ್ ಬಂದರೂ ಸೂರಿನ ಹಿಮ ಬಿಟ್ಟಿಲ್ಲ;
ನಾನು ತಟ್ಟೆಯ ಮೇಲೆ ಹದಿನಾರು ಚುಕ್ಕೆ ಇಟ್ಟು
ಹದಿನೇಳನೆಯದನ್ನು ಕಲಸುತ್ತಿದ್ದೇನೆ.

ಬೇಕಾದದ್ದು ಹಳೆಯದರ ಬಣ್ಣ.
ಹಳೆಯದು ಬೇಡ, ಅದರ ಬಣ್ಣ ಮಾತ್ರ.

ಮಾದರಿಗೆಂದು ಮೇಜಿನ ಮೇಲಿದೆ
ವೈಮಾನಿಕ ತೆಯೊಫಿಲ್ ಫಾಲೆಯ ಕೈಗಡಿಯಾರ,
ಐವತ್ತಾರರದು. ಮಗಳು ರುಜು ಹಾಕಿಸಿಕೊಂಡು
ಎರಡು ವಾರಕ್ಕೆ ಕೊಟ್ಟಿದ್ದಾಳೆ.
ಬೆಟ್ಟ ದಾಟಿ ಟಪಾಲು ಒಯ್ಯುತ್ತಿದ್ದನಂತೆ.
ಗಾಜಿನ ಸುತ್ತಲ ಬಳೆಗೆ ಮಣಿ ಮಣಿ ಅಂಚು:
ತೊಗಲಿನ ಗವಸು ತೊಟ್ಟ ಬೆರಳಿಗೆ
ಕತ್ತಲಲ್ಲಿ ಹಿಡಿತ ಸಿಗಲೆಂದು.
ಅದರೊಳಗೆ ಲೆಕ್ಕದ ಪಟ್ಟಿ, ಸಾಸಿವೆ ಚೆಲ್ಲಿದ ಹಾಗೆ ಅಂಕಿ.
ಇಷ್ಟು ಗಾಳಿ, ಇಷ್ಟು ದೂರ,
ಉಳಿದ ಇಂಧನಕ್ಕೆ ಇನ್ನೆಷ್ಟು ಹೊತ್ತು.
ಏಳರ ಪಕ್ಕ ಒಂದು ಗೀರು.
ಏನಿದು ಎಂದು ಕೇಳಿದೆ.
‘ಬ್ರೀಗ್ ಮೇಲೆ ಮೋಡ ಇತ್ತು ಅಂದಿದ್ದರು,’ ಎಂದಳು ಮಗಳು,
‘ಅಷ್ಟೇ ಹೇಳಿದ್ದು.’

ಸಮಿತಿ ಸೇರಿತು. ಕಾಫಿ ಬಂತು.
ವಿನ್ಯಾಸದ ಲಿಯಾಂದ್ರ್ ಪರದೆಯ ಮೇಲೆ ತಿರುಗಿಸಿ ತೋರಿಸಿದ:
ನಲವತ್ತೊಂದು ಮಿಲಿಮೀಟರು ಮೂವತ್ತೆಂಟಕ್ಕೆ ಇಳಿದಿದೆ,
ಅಂಗಿಯ ತೋಳಿನೊಳಗೆ ಮೀನಿನ ಹಾಗೆ ಜಾರಬೇಕು.
ಮಣಿಗಳು ಹೋದವು; ಕೋಟಿನ ಅಸ್ತರಿಗೆ ಸಿಕ್ಕಿಕೊಳ್ಳುತ್ತವಂತೆ.
ಲೆಕ್ಕದ ಪಟ್ಟಿ ಉಳಿದಿದೆ, ಅಂಕಿ ಉದುರಿಸಿಕೊಂಡು, ಉಸಿರಾಡುತ್ತ.
ಇನ್ನು ಅದನ್ನು ನಂಬಿ ಹೊರಟ ವಿಮಾನ
ಯಾವ ಊರಿನಲ್ಲೂ ಇಳಿಯದು.
ಯಾರೂ ನಂಬಿ ಹೊರಡುವುದಿಲ್ಲ, ಬಿಡಿ.
ಚೆನ್ನಾಗಿತ್ತು. ಸುಳ್ಳು ಹೇಳಲಾರೆ, ನಿಜಕ್ಕೂ ಚೆನ್ನಾಗಿತ್ತು:
ಮುಳ್ಳುಗಳು ಎಷ್ಟು ತೆಳ್ಳಗೆಂದರೆ
ಮುಳ್ಳೆಂಬ ಹೆಸರೇ ಚುಚ್ಚುವುದು ಮರೆಯುವಷ್ಟು.

‘ಅಂಕಿಗಳಿಗೆ ಮಾತ್ರ,’ ಅಂದ ನನ್ನ ಕಡೆ ತಿರುಗಿ,
‘ಆ ಬಿಸಿಲಿಗೆ ಮಾಗಿದ ಕೆನೆಬಣ್ಣ ಬೇಕು, ಮದಾಂ ಪೆರೆ.
ಆ ಎಪ್ಪತ್ತು ವರ್ಷದ ಮೃದುತನ.’

ಮೃದುತನ!
ಚಿಕ್ಕಜ್ಜಿ ಎಗ್ಲಾಂತಿನ್ ಇದೇ ಬೀದಿಯ ಮೂರನೇ ಮಹಡಿಯಲ್ಲಿ
ಅಡುಗೆಮನೆಯ ಮೇಜಿಗೆ ಬಾಗಿ
ತುಂಡಿಗಿಷ್ಟು ಎಂದು ರೇಡಿಯಂ ಅಂಕಿ ಬರೆಯುತ್ತಿದ್ದಳು.
ಪಕ್ಕದಲ್ಲೇ ಬ್ರೆಡ್ಡು. ಪಕ್ಕದಲ್ಲೇ ತೊಟ್ಟಿಲು.
ಕುಂಚ ಒರೆಸಿದ ಬಟ್ಟೆ ಒಲೆಗೆ ಹಾಕಿ ಚಳಿ ಕಾಯಿಸಿದ್ದೂ ಉಂಟು.
ದೀಪ ಆರಿದ ಮೇಲೆ ಅವಳ ಏಪ್ರನ್ನು
ತಾನೊಂದೇ ನಡೆದು ಮಲಗಲು ಹೋಗುತ್ತಿತ್ತಂತೆ,
ನನ್ನಮ್ಮ, ಪುಟ್ಟವಳು, ಚಪ್ಪಾಳೆ ತಟ್ಟುತ್ತಿದ್ದಳಂತೆ.

ಅವಳು ಸತ್ತು ಐವತ್ತು ವರ್ಷದ ಮೇಲೆ
ಬಿಳಿ ಅಂಗಿಯವರು ಚಿಟಿಗುಟ್ಟುವ ಪೆಟ್ಟಿಗೆ ಹಿಡಿದು ಬಂದರು.
ನೆಲದ ಹಲಗೆ ಕಿತ್ತರು. ಎರಡೇ, ಕಿಟಕಿಯ ಬಳಿಯವು.
ಅವಳು ಕೂರುತ್ತಿದ್ದ ಜಾಗ ಪೆಟ್ಟಿಗೆಗೆ ಗೊತ್ತಿತ್ತು,
ನಮಗೆ ಗೊತ್ತಿರಲಿಲ್ಲ.

ಬಿಸಿಲಿಗೆ ಮಾಗಿದ್ದಲ್ಲ, ಲಿಯಾಂದ್ರ್,
ಒಳಗಿನಿಂದ ಸುಟ್ಟದ್ದು.
ಬೆಳಕು ತನ್ನನ್ನೇ ತಿಂದು ಮುಗಿಸಿ ಉಳಿಸಿದ ಎಂಜಲು,
ಹೊತ್ತು ತೋರಿಸುತ್ತ ತೋರಿಸುತ್ತಲೇ
ಹೊತ್ತಿಹೋದದ್ದು.

ಹೇಳಲಿಲ್ಲ. ಸಂಬಳದವಳು.

ಹದಿನೇಳು: ಬಿಳಿಗೆ ಚೂರು ಕಾವಿ, ಸೂಜಿಮೊನೆಯಷ್ಟು ಕಂದು.
ವಿಷವಿಲ್ಲ. ನೆಕ್ಕಿದರೂ ಏನೂ ಆಗದು.
ಹಳೆಯದರ ಪಕ್ಕ ಹಿಡಿದರೆ ತದ್ರೂಪು.
ಒಪ್ಪಿಗೆ ಆಯಿತು.

ಸಂಜೆ ದೀಪ ಆರಿಸಿ ಬೀಗದ ಕೈ ಹುಡುಕುತ್ತ ನಿಂತೆ.
ಹೊಸದು ತಟ್ಟನೆ ಹಸಿರಾಯಿತು, ಹನ್ನೆರಡೂ ಅಂಕಿ,
ಪಾಠ ಒಪ್ಪಿಸುವ ಮಗುವಿನ ಹಾಗೆ.
ಹಳೆಯದು ಕಪ್ಪು.
ತಡವಿದೆ: ಮಣಿ, ಮಣಿ, ಮಣಿ.
ಕೋಟಿನಿಂದ ಉಣ್ಣೆಗವಸು ತೆಗೆದು ತೊಟ್ಟು
ಬಳೆ ತಿರುಗಿಸಿದೆ. ತಿರುಗಿತು.
ಹೊಸದಕ್ಕೂ ಕೈ ಹಾಕಿದೆ. ಜಾರಿತು.
ಇನ್ನೊಮ್ಮೆ. ಜಾರಿತು.

ನಾಳೆ ಎಂಟೂವರೆಗೆ ಮತ್ತೆ ಸಭೆ.
ಲಿಯಾಂದ್ರ್‌ನ ಮೇಜಿನ ಮೇಲೆ ಗವಸು ಬಿಟ್ಟು ಬಂದೆ,
ಬಲಗೈಯದು, ಒಂದೇ.
ಮನೆಯವರೆಗೂ ಆ ಕೈ ಜೇಬಿನಲ್ಲೇ ಇತ್ತು.