ಪಾದರಸ

ಪೋಂಡಾ. ಬೆಳಗಿನ ಏಳೂವರೆ.
ಇಪ್ಪತ್ತನಾಲ್ಕು ಇಲಿ, ನಾಲ್ಕು ಪಂಜರ.
ಪಿಕ್ರಿಕ್ಕಿನ ಹಳದಿ ಬೊಟ್ಟು ಒಂದಕ್ಕೆ ನೆತ್ತಿಗೆ, ಒಂದಕ್ಕೆ ಬೆನ್ನಿಗೆ,
ಒಂದಕ್ಕೆ ಬಾಲದ ಬುಡಕ್ಕೆ;
ಆರನೆಯದಕ್ಕೆ ಏನಿಲ್ಲ, ಅದೇ ಅದರ ಗುರುತು.
ಮದುವಣಿಗರ ಅರಿಶಿನದಂತೆ, ಅಂದುಕೊಂಡೆ.
ಅಂದುಕೊಳ್ಳಬಾರದಿತ್ತು.

ಚುಚ್ಚುವುದು ಕಡಲ ಕೆಂಪು ಪಾಚಿಯ ಸಾರ.
ಐಸ್‌ಕ್ರೀಮನ್ನು ಕರಗದಂತೆ ಹಿಡಿದಿಡುವುದೂ ಅದೇ,
ಮೊನ್ನೆ ಮೀರಾಮಾರ್ ದಂಡೆಯಲ್ಲಿ ನಾವು ನೆಕ್ಕಿದ್ದು.
ಬಲ ಹಿಂಗಾಲಿನ ಅಂಗಾಲಿಗೆ ಇಷ್ಟೇ ಇಷ್ಟು;
ಗಂಟೆಯೊಳಗೆ ಪಾದ
ಬೆಂದ ಹಲಸಿನ ಬೀಜ.

ಕಣಕಾಲಿಗೆ ಶಾಯಿಯ ಗೆರೆ.
ಗೆರೆಯವರೆಗೂ ಪಾದರಸದಲ್ಲಿ ಅದ್ದಬೇಕು.
ಪಾದ, ರಸ:
ಈ ಮಾತಿಗೆ ಇಷ್ಟು ನೇರವಾದ ಅರ್ಥವಿದೆಯೆಂದು
ಇಲ್ಲಿಗೆ ಬರುವ ತನಕ ಹೊಳೆದಿರಲಿಲ್ಲ.
ಗಾಜಿನೊಳಗೆ ಬಾವು ಏರಿ ನಿಲ್ಲುತ್ತದೆ,
ಬರೆದುಕೊಳ್ಳುತ್ತೇನೆ: ಶೂನ್ಯ ಬಿಂದು ನಾಲ್ಕು ಎರಡು.
ನೋವಿಗೆ ಬೇರೆ ಕಾಲಂ ಇಲ್ಲ.

ಪಂಜರದ ಹೊಟ್ಟು ಬದಲಿಸಿದ ಶಾವಂತ್ರೆವ್ವ
ಗೋಡೆ ಹಿಡಿದು ಏಳುತ್ತಾಳೆ, ಬಾಟಲಿ ಮೂಸುತ್ತಾಳೆ:
"ಲಕ್ಕಿ ಸೊಪ್ಪಲ್ಲೇನವಾ ಇದು?
ನಮ್ಮವ್ವ ಹಂಚಿನ ಮ್ಯಾಲ ಬಾಡಿಸಿ ಮೊಣಕಾಲಿಗೆ ಕಟ್ಟತಿದ್ಲು.
ಇಳೀತಿತ್ತು.
ಇಲಿನ್ನೇನು ಕೇಳಿರಲಿಲ್ಲ ಆಕಿ."

ನಕ್ಕೆ. ಆಮೇಲೆ ತಿಳಿಸಿ ಹೇಳಿದೆ:
ಎರಡನೇ ಗುಂಪಿಗೆ ಪೇಟೆಯ ಮದ್ದು,
ಮೂರಕ್ಕೂ ನಾಲ್ಕಕ್ಕೂ ಲಕ್ಕಿಯ ಸಾರ, ಇನ್ನೂರು, ನಾನೂರು.
"ಮೊದಲಿನ ಆರಕ್ಕ?"
ಬರೀ ಗೋಂದಿನ ನೀರು.
"ಯಾಕ?"
ಹೋಲಿಸೋದಕ್ಕೆ. ಏನೂ ಕೊಡದಿದ್ದರೆ
ಏನಾಗ್ತದೆ ಅಂತ ಗೊತ್ತಾಗಬೇಕಲ್ಲ.
ಹೊಟ್ಟು ಕೊಡವುತ್ತ ಅಂದಳು:
"ಅದು ಗೊತ್ತಿಲ್ಲೇನವಾ ನಿಮಗ?"

ಸಮಿತಿಯ ಹನ್ನೆರಡು ಪುಟದ ಫಾರ್ಮಿನಲ್ಲಿ
ಈ ಪ್ರಶ್ನೆ ಇರಲಿಲ್ಲ.

ನಾಲ್ಕನೆಯ ಗಂಟೆ. ನಾನೂರರ ಗುಂಪಿನಲ್ಲಿ
ಬಾವು ನೂರಕ್ಕೆ ನಲವತ್ತೊಂದು ಕಡಿಮೆ.
ಗೈಡು ಎರಡು ಸಲ ಕೂಡಿಸಿ ನೋಡಿದರು. ಖುಷಿಯಾಯಿತು.
ನನಗೂ, ಸುಳ್ಳೇಕೆ, ಖುಷಿಯೇ.
ಮೊದಲ ಪಂಜರದಲ್ಲಿ ಗುರುತಿಲ್ಲದ್ದು
ಒಂದು ಕಾಲನ್ನು ಮಡಿಚಿ ಹೊಟ್ಟೆಗೆ ಒತ್ತಿಕೊಂಡು
ಮೂರರ ಮೇಲೆ ನಿಂತಿತ್ತು.

ಸಂಜೆ, ಸಾರ ಇಳಿಸಿ ಉಳಿದ ಚರಟ ಚೆಲ್ಲಲು ಹೋದರೆ
ಬುಟ್ಟಿ ಖಾಲಿ.
ಕುರ್ಟಿಯ ಬಸ್ಸು ಆಗಲೇ ಹೋಗಿತ್ತು.
ಹೇಳಬೇಕಿತ್ತು ಆಕೆಗೆ, ಅದರೊಳಗೆ ಇನ್ನೇನೂ ಇಲ್ಲ,
ಇದ್ದದ್ದೆಲ್ಲ ನನ್ನ ಬಾಟಲಿಯಲ್ಲಿದೆ.

ಮರುದಿನ ತಾನೇ ಅಂದಳು:
"ಮೊಣಕಾಲು ಹಗುರಾಗೇತಿ ನೋಡವಾ, ರಾತ್ರಿ ಕಟ್ಟಿದ್ದೆ."
ಅಂದು,
ಗೋಡೆ ಹಿಡಿದೇ ಎದ್ದಳು.