ಹೊತ್ತಿನ ಬೆಲೆ

ಲೆಟರ್‌ಕೆನ್ನಿಯ ಬಸ್ ನಿಲ್ದಾಣ, ನಾಲ್ಕೂ ಮುಕ್ಕಾಲು.
ಜೂನ್ ತಿಂಗಳು, ಆಗಲೇ ಬೆಳಕು.
ಕೈಯಲ್ಲಿ ಸರ್ಕಾರದ ಪ್ರಶ್ನಾವಳಿ, ದಾರ ಕಟ್ಟಿದ ಪೆನ್ಸಿಲು.
ಮುಂದಿನ ಮೂವತ್ತು ವರ್ಷಕ್ಕೆ
ರಸ್ತೆಗೆಷ್ಟು, ಹಳಿಗೆಷ್ಟು ಎಂದು ಎಣಿಸಲು
ಡಬ್ಲಿನ್ನಿನಿಂದ ನನ್ನನ್ನು ಅಟ್ಟಿದ್ದಾರೆ.

ಗೋಡೆಯಲ್ಲಿ ದೇಶದ ರೈಲು ನಕ್ಷೆ.
ಗೆರೆಗಳು ರಾಜಧಾನಿಯಿಂದ ಹೊರಟು
ಸ್ಲೈಗೋದಲ್ಲಿ ಏದುಸಿರು ಬಿಟ್ಟು ಕೂತಿವೆ.
ಅದರಾಚೆ ವಾಯವ್ಯ ಖಾಲಿ.
ಖಾಲಿ ಯಾಕೆ ಬಿಡಬೇಕೆಂದು ಅಲ್ಲೇ ಅಚ್ಚು ಹಾಕಿದ್ದಾರೆ
ಇಲಾಖೆಯ ಲಾಂಛನ, ಅಳತೆಪಟ್ಟಿ, ಉತ್ತರ ತೋರಿಸುವ ಬಾಣ.
ನಾನೀಗ ನಿಂತಿರುವುದು
ಆ ಬಾಣದ ಮೊನೆಯ ಹತ್ತಿರ ಎಲ್ಲೋ.

ಡ್ರೈವರ್ ಯೂನನ್ ಕೇಳಿದ, 'ಮತ್ತೆ ಎಣಿಸೋಕೆ ಬಂದ್ರಾ?
ಹೋದ ಸಲದ ಲೆಕ್ಕ ಏನಾಯ್ತು?'
ಟಿಕೆಟ್ ಹರಿದುಕೊಟ್ಟ, ಉತ್ತರಕ್ಕೆ ಕಾಯಲಿಲ್ಲ.

ಮೂರನೆಯ ಸೀಟಿನಲ್ಲಿ ಡಿಂಪ್ನಾ,
ತಲೆಗೆ ನೀಲಿ ಉಣ್ಣೆ ಟೊಪ್ಪಿ, ಮಡಿಲಲ್ಲಿ ಚಹಾದ ಫ್ಲಾಸ್ಕು.
ಗಾಲ್ವೆಯ ಆಸ್ಪತ್ರೆಗೆ ನಾಲ್ಕೂವರೆ ಗಂಟೆ;
ಅಲ್ಲಿ ಯಂತ್ರದ ಕೆಳಗೆ ಹತ್ತು ನಿಮಿಷ.
ಪ್ರಯಾಣದ ಉದ್ದೇಶ?
ಕೆಲಸ, ವ್ಯವಹಾರ, ವಿಹಾರ, ಇತರೆ.
'ಇತರೆ ಅಂತ ಹಾಕು ಮಗಾ,' ಎಂದಳು,
'ಬದುಕೋದು ಅಂತ ಅಲ್ಲೆಲ್ಲೂ ಇಲ್ಲವಲ್ಲ.'

ನಮ್ಮ ಸೂತ್ರದಲ್ಲಿ ಹೊತ್ತಿಗೆ ಬೆಲೆಯುಂಟು.
ಸೂಟು ತೊಟ್ಟವನ ಗಂಟೆಗೆ ಇಷ್ಟು,
ದಿನವೂ ಕೆಲಸಕ್ಕೆ ಓಡುವವನದು ಅದರಲ್ಲರ್ಧ,
ಇತರೆಯದು ಇನ್ನೂ ಅಗ್ಗ.
ಸೂತ್ರ ಬರೆದದ್ದು ನಾನಲ್ಲ. ಆದರೂ
ಹನ್ನೊಂದು ವರ್ಷ ಅದರ ಉಪ್ಪು ತಿಂದಿದ್ದೇನೆ.

ಬಾರ್ನ್ಸ್‌ಮೋರ್ ಕಣಿವೆ.
ಹ್ಯೂಯಿ ಮ್ಯಾಕ್‌ಗ್ಲಿಂಚಿ ಕಿಟಕಿಗೆ ಬೆರಳಿಟ್ಟ:
'ಗುಡ್ಡದ ನಡುವಿಗೆ ಕುರಿಗಳ ಸಾಲು ಕಾಣ್ತಾ?
ಅದೇ ಹಳೆಯ ಲೈನು.
ನಮ್ಮಜ್ಜ ಅಲ್ಲಿ ಗ್ಯಾಂಗ್‌ಮನ್.
ನಷ್ಟ ಅಂತ ಕಿತ್ತರು.
ಕುರಿಗಳಿಗೆ ಯಾರೂ ಹೇಳಿಲ್ಲ, ಇನ್ನೂ ಸಾಲಾಗೇ ಹೋಗ್ತಾವೆ.'

ಜನವಿಲ್ಲ, ಅದಕ್ಕೇ ರೈಲಿಲ್ಲ.
ರೈಲಿಲ್ಲ, ಅದಕ್ಕೇ ಜನ ನಿಲ್ಲುವುದಿಲ್ಲ.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಇದನ್ನೇ ನಾವು ದಶಾಂಶದಲ್ಲಿ ಬರೆಯುತ್ತೇವೆ:
ಒಂದು ಯೂರೋ ಹಾಕಿದರೆ
ಮರಳುವುದು ನಲವತ್ತು ಸೆಂಟು.
ಮೇಜಿನ ಸುತ್ತ ಎಲ್ಲರೂ ತಲೆದೂಗುತ್ತಾರೆ, ಪುಟ ಮಗುಚುತ್ತದೆ,
ಮುಂದಿನ ಪುಟದಲ್ಲಿ ರಾಜಧಾನಿಗೆ ಇನ್ನೊಂದು ಸುರಂಗ.

ಎದುರಿಂದ ಮೀನಿನ ಲಾರಿಗಳು, ಒಂದರ ಹಿಂದೊಂದು,
ಕಾರುಗಳಲ್ಲಿ ಒಬ್ಬೊಬ್ಬರೇ.
ಎಡಕ್ಕೆ ಕಪ್ಪು ಜೌಗು ನೆಲ,
ಸಾವಿರಾರು ವರ್ಷದ ಇಂಗಾಲವನ್ನು ಹೊತ್ತು
ಉಸಿರು ಬಿಗಿಹಿಡಿದು ಮಲಗಿದೆ.
ರಸ್ತೆ ಅಗಲಿಸಬೇಕೆಂದು ಅದರ ಮೈಮೇಲೆ
ಕೆಂಪು ಗೂಟ ನೆಟ್ಟವರೂ ನಾವೇ.
ಬಗೆದರೆ ಬಿಟ್ಟೀತು ಆ ಉಸಿರು.
ಹೊರಸೂಸುವಿಕೆಯ ಕಾಲಂ ನನ್ನ ಹಾಳೆಯಲ್ಲಿದೆ, ಟನ್ನುಗಳಲ್ಲಿ,
ಎಲ್ಲ ಕಾಲಂಗಳ ಕೊನೆಗೆ,
ಸ್ಟೇಪ್ಲರ್ ಪಿನ್ನು ಹೊಡೆಯುವ ಜಾಗದಲ್ಲಿ.

ಕೊನೆಯ ಪ್ರಶ್ನೆ. ಓದಲು ನಾಚಿಕೆಯಾಗಿ
ಹಾಳೆಯನ್ನೇ ಡಿಂಪ್ನಾಗೆ ಕೊಟ್ಟೆ:
ಒಂದು ಗಂಟೆ ಉಳಿಸಲು ಎಷ್ಟು ಕೊಡಲು ಸಿದ್ಧ?
ಕನ್ನಡಕ ಹುಡುಕಿ, ಪೆನ್ಸಿಲಿನ ದಾರ ಎಳೆದು
ಬಸ್ಸಿನ ಕುಲುಕಾಟದಲ್ಲಿ ನಿಧಾನಕ್ಕೆ ಬರೆದಳು:
'ಉಳಿದದ್ದನ್ನು ಎಲ್ಲಿ ಇಡುತ್ತೀರಿ?
ನನ್ನದನ್ನು ಕೊನೆಗೆ ಸೇರಿಸಲಾದೀತೇ?'

ಆ ಚೌಕಕ್ಕೆ ಅಂಕಿ ಮಾತ್ರ ಹಿಡಿಸುತ್ತದೆ.
ಬೇರೇನೇ ಬರೆದರೂ
ಕಂಪ್ಯೂಟರು ಸೊನ್ನೆ ಎಂದು ಓದುತ್ತದೆ.

ಸ್ಲೈಗೋದಲ್ಲಿ ನನ್ನ ರೈಲು ಕಾದು ನಿಂತಿತ್ತು,
ಗಾಜು ಫಳಫಳ, ಸೀಟು ಬೆಚ್ಚಗೆ.
ಇಳಿದು ತಿರುಗಿ ನೋಡಿದೆ:
ಕಿಟಕಿಗೆ ಒರಗಿದ ನೀಲಿ ಟೊಪ್ಪಿ.
ಯೂನನ್ ಗೇರು ಬದಲಿಸಿದ, ಹೊಗೆ ಕಾರಿತು ಬಸ್ಸು,
ಹೋಯಿತು ತೆಂಕಣಕ್ಕೆ
ಅವಳ ಹೊತ್ತನ್ನು ಹೊತ್ತು.